ಬಂಡಿ ಹೋಗುವಷ್ಟು ಜಾಗ

ನರ್ಸರಿ ಶೆಡ್ಡು,
ಫೆಬ್ರವರಿ ೭, ಬೆಳಿಗ್ಗೆ

ಪ್ರೀತಿಯ ಮಾವನವರಿಗೆ,

ಮೊಣಕಾಲು ನೋವು ಹೇಗಿದೆ? ಗರಗಸದ ಮಿಲ್ಲಿನಲ್ಲಿ ಧೂಳು ಹೆಚ್ಚು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರಿ ತಾನೇ? ನೀವು ಹೇಳಿಕಳಿಸಿದಂತೆ ನಿಮ್ಮ ಮಗ ಮುಂದಿನ ವಾರ ಅಲ್ಲಿನ ಕೆಲಸಕ್ಕೆ ಹೊರಡಲು ಬಟ್ಟೆ ತುಂಬಿಟ್ಟಿದ್ದಾರೆ. ಅದಕ್ಕೇ ಅವಸರದ ಈ ಪತ್ರ. ಮೊಮ್ಮಗಳಿಗೆ ಹಲ್ಲು ಬರುತ್ತಿದೆ, ರಾತ್ರಿಯೆಲ್ಲ ಅಳು. ಅವಳು ಮಲಗಿದರೂ ನನಗೆ ನಿದ್ದೆಯಿಲ್ಲ. ಉಸಿರಾಡುತ್ತಿದ್ದಾಳಾ ಅಂತ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿರುತ್ತೇನೆ. ನಿನ್ನೆ ಸಸಿಚೀಲದ ಮಣ್ಣು ಬಾಯಿಗೆ ಹಾಕಿಕೊಂಡಳು, ನನ್ನ ಜೀವ ಹಾರಿಹೋಯಿತು. ಅತ್ತೆ ಮಾತ್ರ, "ಗೊಬ್ಬರದ ಮಣ್ಣು ಕಣೇ, ಬೇಗ ಬೆಳೀತಾಳೆ ಬಿಡು" ಅಂದುಬಿಟ್ಟರು.

ಅಭಯಾರಣ್ಯದಲ್ಲಿ ಕಟ್ಟಿಗೆ ಕಡಿಯುವುದನ್ನು ಎಲ್ಲರೂ ಬಿಟ್ಟ ವರ್ಷ ನಮ್ಮ ಒಲೆ ಉರಿದದ್ದು ನೀವು ದೂರ ಹೋಗಿ ದುಡಿದು ಕಳಿಸಿದ್ದರಿಂದ. ಅದನ್ನು ನಾನು ಮರೆತಿಲ್ಲ, ಮಾವ. ಆ ಧೈರ್ಯದ ಮೇಲೆಯೇ ನಾವು ಹೆಂಗಸರು ಸಸಿ ಬೆಳೆಸಲು ಕೂತೆವು, ನಿಮ್ಮ ಮಗ ಜೇನುಪೆಟ್ಟಿಗೆ ಇಟ್ಟರು. ಈಗ ಎರಡೂ ಕೈಹಿಡಿದಿವೆ. ಪೇಟೆಯ ಅಂಗಡಿಯವರೇ ಬಂದು ಜೇನು ಒಯ್ಯುತ್ತಾರೆ. ನಿಮ್ಮ ಮಗ ಹೊರಟುಬಿಟ್ಟರೆ ಪೆಟ್ಟಿಗೆ ನೋಡುವವರಿಲ್ಲ. ಜೇನುಹುಳ ಕಂಡರೆ ಮಗುವನ್ನೆತ್ತಿಕೊಂಡು ಓಡುವುದೊಂದೇ ನನಗೆ ಗೊತ್ತಿರುವ ವಿದ್ಯೆ.

ಒಂದು ತಮಾಷೆ ಹೇಳಬೇಕು. ಬೋಳುಗುಡ್ಡದ ಮೇಲೆ ಗಂಡಸರೆಲ್ಲ ಸೇರಿ ಸಸಿ ನೆಟ್ಟರಲ್ಲ, ಮುಗಿದ ಮೇಲೆ ನೋಡಿದರೆ ಸಾಲುಗಳ ನಡುವೆ ಸರಿಯಾಗಿ ಒಂದು ಬಂಡಿ ಹೋಗುವಷ್ಟು ಜಾಗ. ಇಷ್ಟು ವರ್ಷ ಕಡಿದು ಸಾಗಿಸಿದ ಕೈಗಳು, ನೆಡುವಾಗಲೂ ದಾರಿ ಬಿಟ್ಟುಕೊಂಡಿವೆ. ಅರಣ್ಯ ರಕ್ಷಕರು ಸೊಂಟದ ಮೇಲೆ ಕೈಯಿಟ್ಟು, "ಯಾರ ಬಂಡಿ ಬರಬೇಕ್ರಪ್ಪಾ ಇಲ್ಲಿಗೆ?" ಅಂದರಂತೆ. ನಿಮ್ಮ ಮಗ ತಲೆ ಕೆರೆದುಕೊಂಡರು. ಈಗ ಆ ದಾರಿಯ ತುಂಬ ಜಿಂಕೆಗಳ ಹೆಜ್ಜೆ. ನೀರಿಗೆ ಇಳಿಯಲು ಅವು ಅದನ್ನೇ ಹಿಡಿದಿವೆ, ನಮ್ಮ ಹೊಲಗಳ ಕಡೆ ತಲೆ ಹಾಕುತ್ತಿಲ್ಲ.

ಅತ್ತೆ ನಿಮ್ಮ ಕ್ಷೇಮ ಕೇಳಿದ್ದಾಗಿ ತಿಳಿಸಲು ಹೇಳಿದ್ದಾರೆ. ಹಾಳೆಯ ಮೂಲೆ ಕಡಿದದ್ದು ಮೊಮ್ಮಗಳು, ಅದನ್ನೇ ಅವಳ ನಮಸ್ಕಾರ ಅಂದುಕೊಳ್ಳಿ.

ಇಂತಿ ನಿಮ್ಮ
ಸೊಸೆ

ತಾ.ಕ.: ಬೇಸಿಗೆಯ ಬೆಂಕಿ ಕಾವಲಿಗೆ ಕಾಡು ಬಲ್ಲವರೊಬ್ಬರು ಬೇಕಂತೆ, ಸಂಬಳದ ಕೆಲಸ. ಅರಣ್ಯ ರಕ್ಷಕರು ಮೊದಲು ನೆನೆದದ್ದೇ ನಿಮ್ಮನ್ನು: "ಅಷ್ಟು ವರ್ಷ ಅವರ ಹಿಂದೆ ಓಡಿದೀನಿ, ಒಂದ್ಸಲಾನೂ ಸಿಗಲಿಲ್ಲ. ಕಾಡಿನ ಕಳ್ಳದಾರಿ ಎಲ್ಲಾ ಅವರಿಗೇ ಗೊತ್ತು." ಮಾವ, ಅಪ್ಪ ಕರೆದರೆ ನಿಮ್ಮ ಮಗ ಇಲ್ಲ ಅನ್ನುವವರಲ್ಲ. ಕರೆಯಬೇಡಿ. ನೀವೇ ಬನ್ನಿ.