ಚೂರು ಬಟ್ಟೆಯ ಉಡುಗೊರೆ

ಫೆಬ್ರವರಿ ೧೬, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಮಾಡುವ ನಮಸ್ಕಾರಗಳು. ನಿನ್ನ ಕಾಗದ ಬಂದು ಬಹಳ ದಿನಗಳಾದವು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಬೈದರೂ ಇಲ್ಲಿಗೆ ಕೇಳಿಸುವುದಿಲ್ಲ ಬಿಡು. ಭಾವನ ಮೊಣಕಾಲು ನೋವು ಹೇಗಿದೆ? ಇವರಿಗೆ ಮತ್ತೆ ರಾತ್ರಿ ಪಾಳಿ ಹಾಕಿದ್ದಾರೆ. ನನ್ನ ಹೊಲಿಗೆ ಅಂಗಡಿಯಲ್ಲಿ ಕೆಲಸ ಕಡಿಮೆಯಾಗಿದೆ. ಯಾಕೆಂದು ಹೇಳುತ್ತೇನೆ.

ನಮ್ಮ ಚಿನಕುರಳಿ ಮಗಳ ತರಗತಿಯಲ್ಲಿ ಮಕ್ಕಳು ಒಬ್ಬರಿಗೊಬ್ಬರು ಉಡುಗೊರೆ ಕೊಡುವ ದಿನ ಇಟ್ಟಿದ್ದರು. ಚೀಟಿ ಎತ್ತಬೇಕು, ಯಾರ ಹೆಸರು ಬರುತ್ತದೋ ಅವರಿಗೆ ಕೊಡಬೇಕು. ಕೊಂಡು ತರುವಂತಿಲ್ಲ, ಮನೆಯಲ್ಲೇ ಮಾಡಿದ್ದಾಗಿರಬೇಕು ಎಂದು ಟೀಚರ್ ಹೇಳಿದ್ದರಂತೆ. ಮಗಳಿಗೆ ಔಷಧಿ ಅಂಗಡಿಯವರ ಹುಡುಗಿಯ ಹೆಸರು ಬಂತು. "ಅಮ್ಮ, ನಿನ್ನಷ್ಟು ಚೆನ್ನಾಗಿ ಯಾರಮ್ಮನಿಗೂ ಹೊಲಿಯಕ್ಕೆ ಬರಲ್ಲ. ನಂದೇ ಫಸ್ಟು, ನೋಡ್ತಿರು" ಎಂದು ಕುಣಿದಳು. ನಾನೂ ಉಬ್ಬಿಹೋದೆ ಅಕ್ಕಾ.

ಚೂರುಗಳ ಚೀಲ ಸುರಿದುಕೊಂಡು ಇಬ್ಬರೂ ಕೂತೆವು. ಹೊಲಿದು ಉಳಿದ ಚೂರನ್ನು ಯಾರೂ ಕೇಳುವುದಿಲ್ಲ, ಯಾವ ದರ್ಜಿಯೂ ಎಸೆಯುವುದಿಲ್ಲ, ನಿನಗೆ ಗೊತ್ತೇ ಇದೆ. ನೀಲಿ ಮೇಲೆ ಬಿಳಿ ಹೂವಿದ್ದ ಬಟ್ಟೆ ಅವಳ ಕಣ್ಣಿಗೆ ಬಿತ್ತು. ಬೆರಳಗಲದ ಪಟ್ಟಿಗಳು. ಒಂದಕ್ಕೊಂದು ಜೋಡಿಸಿ, ಒಳಗೆ ಅಸ್ತರು ಕೊಟ್ಟು ಪೆನ್ಸಿಲ್ ಚೀಲ ಹೊಲಿದೆ. ಗುಂಡಿಯನ್ನು ಅವಳೇ ಹಾಕಿದಳು. ಅದು ಯಾರ ಬಟ್ಟೆಯ ಚೂರು ಎಂದು ನನಗೆ ಹೊಳೆಯಲೇ ಇಲ್ಲ.

ಬೇರೆ ಮಕ್ಕಳು ಮನೆಯಲ್ಲಿ ಮಾಡಿದ ಉಡುಗೊರೆಗಳು ಥೇಟ್ ಅಂಗಡಿಯಿಂದ ತಂದ ಹಾಗೇ ಇದ್ದವಂತೆ. ಅದು ಹಾಳಾಗಲಿ. ಆ ಹುಡುಗಿ ಚೀಲ ನೋಡಿದವಳೇ, "ಟೀಚರ್, ಇದು ನಮ್ಮಮ್ಮನ ಗೌನ್ ಬಟ್ಟೆ! ಬಟ್ಟೆ ಸಾಲಲ್ಲ, ಜೇಬು ಇಡಕ್ಕಾಗಲ್ಲ ಅಂತ ಇವಳಮ್ಮ ಹೇಳಿದ್ರು" ಎಂದಳಂತೆ. ಹೌದು, ಹೇಳಿದ್ದೆ. ಸುಳ್ಳೇನಲ್ಲ, ಆ ಪಟ್ಟಿಗಳಲ್ಲಿ ಜೇಬು ಬರುತ್ತಿರಲಿಲ್ಲ. ಅದನ್ನು ಮಕ್ಕಳಿಗೆ ಯಾರು ಬಿಡಿಸಿ ಹೇಳಬೇಕು? ಹಿಂದಿನ ಬೆಂಚಿನಿಂದ ಯಾರೋ "ಕದ್ದ ಚೀಲ" ಎಂದರಂತೆ, ಇಡೀ ತರಗತಿ ನಕ್ಕಿತಂತೆ. ಟೀಚರ್ ಕೆಟ್ಟವರಲ್ಲ, ಗಾಬರಿಯಾಗಿರಬೇಕು. ಚೀಲವನ್ನು ನಮ್ಮವಳ ಕೈಗೇ ವಾಪಸ್ ಕೊಟ್ಟು, ತಮ್ಮ ಬೀರುವಿನಿಂದ ಹೊಸ ಪೆನ್ಸಿಲ್ ಡಬ್ಬಿ ತೆಗೆದು ಆ ಹುಡುಗಿಗೆ ಕೊಟ್ಟರು. ಅಲ್ಲಿಗೆ ನಾನು ಕದ್ದದ್ದು ಖಾತ್ರಿಯಾಯಿತು.

ಮಾರನೆಯ ದಿನ ಔಷಧಿ ಅಂಗಡಿಯವರ ಹೆಂಡತಿ ಬಂದು, "ಮಕ್ಕಳು ಏನೋ ಅಂತವೆ, ಮನಸ್ಸಿಗೆ ಹಚ್ಕೋಬೇಡಿ" ಎಂದರು. ಹಾಗೆಂದವರೇ, ಹೊಲಿಯಲು ತಂದಿದ್ದ ಹೊಸ ಬಟ್ಟೆಯನ್ನು ನನ್ನ ಟೇಪಿನಲ್ಲೇ ಒಂದು ಸಲ ಅಳೆದು ಕೊಟ್ಟರು. ನಾನು ಆ ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಂಡೆ. ಈಗ ಬರುವ ಒಬ್ಬಿಬ್ಬರೂ ಚೂರುಗಳನ್ನು ಕೇಳಿ ಇಸಿದುಕೊಂಡು ಹೋಗುತ್ತಾರೆ. ಅಷ್ಟನ್ನು ನುಂಗಿಕೊಳ್ಳಬಲ್ಲೆ.

ನೀನೂ ಭಾವನೂ ಆರೋಗ್ಯ ನೋಡಿಕೊಳ್ಳಿ. ಮಕ್ಕಳು ಚೆನ್ನಾಗಿರಲಿ, ಚಿಕ್ಕಮ್ಮ ಕೇಳಿದಳೆಂದು ಹೇಳು.

ಇಂತಿ ನಿನ್ನ
ತಂಗಿ

ಮತ್ತೊಂದು ಮಾತು: ಮಗಳು ಶಾಲೆಯಲ್ಲಿ ಅಳಲಿಲ್ಲವಂತೆ, ಮನೆಯಲ್ಲೂ ಅಳಲಿಲ್ಲ. ನಾನು ಹೊಲಿದ ತನ್ನ ಫ್ರಾಕುಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ, "ಇದು ಯಾರ ಬಟ್ಟೆಯಮ್ಮ? ಇದು?" ಎಂದು ಒಂದೊಂದನ್ನೇ ಎತ್ತಿ ಕೇಳಿದಳು. ಕೆಲವನ್ನು ಉಳಿದ ಚೂರುಗಳಲ್ಲೇ ಹೊಲಿದಿದ್ದೆ, ಅವನ್ನು ಮಡಿಸಿ ಎತ್ತಿಟ್ಟೆ. ಅಂದಿನಿಂದ ಯೂನಿಫಾರ್ಮ್ ಬಿಟ್ಟು ಬೇರೇನೂ ತೊಡುವುದಿಲ್ಲ. ಅದೊಂದೇ ಶಾಲೆಯಲ್ಲಿ ಕೊಟ್ಟದ್ದು. ಇವತ್ತು ಒಗೆದು ಹಾಕಿದ್ದೇನೆ. ಒಣಗುವ ತನಕ ಹೊದಿಕೆ ಸುತ್ತಿಕೊಂಡು ಕೂತಿದ್ದಾಳೆ. ಅಕ್ಕಾ, ಅವಳಿಗೊಂದು ರೆಡಿಮೇಡ್ ಫ್ರಾಕು ಕೊಂಡು ಕಳಿಸುತ್ತೀಯಾ? ನಾನು ಕೇಳಿದೆನೆಂದು ಬರೆಯಬೇಡ. ಅಂಗಡಿಯ ಬೆಲೆಚೀಟಿ ಕೀಳಬೇಡ. ಉದ್ದ ಹೆಚ್ಚಾದರೂ ಪರವಾಗಿಲ್ಲ, ನಾನು ಅದಕ್ಕೆ ಸೂಜಿ ಮುಟ್ಟಿಸುವುದಿಲ್ಲ.