ಎಡಗೈ ಹೆಬ್ಬೆಟ್ಟು

ಮಸ್ಕಿ
೧೨ ಫೆಬ್ರುವರಿ ೨೦೨೪

ನನ್ನ ಗಂಡ ಪಂಪಣ್ಣ ಅವರಿಗೆ,

ಹನ್ನೊಂದು ವರ್ಷದಲ್ಲಿ ಮೊದಲ ಸಲ ನಿಮ್ಮ ಹೆಸರು ಹಿಡಿದು ಕರೆದಿದ್ದೇನೆ. ಆಯುಷ್ಯ ಕಡಿಮೆಯಾದೀತೆಂದು ಅಂಜಬೇಡಿ. ಇದನ್ನು ಎಂದಿನಂತೆ ಚಹಾದಂಗಡಿಯ ಬಾಬುಸಾಬಣ್ಣನೇ ನಿಮಗೆ ಓದಿ ಹೇಳುತ್ತಿರಬೇಕು. ಅಣ್ಣಾ, ಹೊಡೆದಾಟದ ಮಾತು ಬಂದಾಗ ನಾಚಿ ಬಿಟ್ಟುಬಿಡಬೇಡ, ಎಲ್ಲ ಗಟ್ಟಿಯಾಗಿ ಓದು.

ನೀವು ಒದ್ದು ಹರಿದ ಗಾಯ ತವರಿನಲ್ಲಿ ಮಾಯುತ್ತಿದೆ. ಇಲ್ಲದ ಬೆರಳುಗಳು ಮಾತ್ರ ಈಗಲೂ ಉರಿಯುತ್ತವೆ. ನಾನು ಕೂಲಿಗೆ ಹೋಗುತ್ತಿದ್ದ ಸಿಂಧನೂರಿನ ಆ ರೈಸ್ ಮಿಲ್ಲಿನ ಅಂಗಳದಲ್ಲಿ ಹೊರಗಿನ ಲಾರಿ ಹಿಂದಕ್ಕೆ ಬಂದು ನನ್ನ ಎಡಗೈಯನ್ನು ಕಟ್ಟೆಗೆ ಒತ್ತಿ ಅರೆದಾಗ, ಎಲುಬು ಮುರಿದ ಸದ್ದು ನನಗೇ ಕೇಳಿತ್ತು. ಚೆಲ್ಲಿದ ಅಕ್ಕಿಯೆಲ್ಲ ಕೆಂಪಾಯಿತು. ಮೊಣಕೈ ಕೆಳಗೆ ಏನೂ ಉಳಿಯಲಿಲ್ಲ. ಲಾರಿಯ ವಿಮೆಯವರ ಮೇಲೆ ಲಿಂಗಸುಗೂರು ಕೋರ್ಟಿನಲ್ಲಿ ಕೇಸು ಹಾಕಿದ್ದು ನಿಮಗೆ ಗೊತ್ತೇ ಇದೆ.

ಹೋದ ತಿಂಗಳು ವಿಮೆಯ ವಕೀಲರು ಅಲ್ಲಿ ಒಂದು ಕಾಗದ ತೆಗೆದರು. ಮಿಲ್ಲಿನಿಂದ ಕಾರ್ಮಿಕರ ಪರಿಹಾರ ಬೇಡಿ ನಾನೇ ಅರ್ಜಿ ಹಾಕಿದ್ದೇನಂತೆ, ನಾಲ್ಕು ಲಕ್ಷ ಪಡೆದಿದ್ದೇನಂತೆ! ನಮ್ಮ ವಕೀಲರು ಅಂಬಿಕಾ ಮೇಡಂ ಮುಖ ಸಣ್ಣದು ಮಾಡಿಕೊಂಡರು. ‘ಎರಡರಾಗ ಒಂದ ಆರಿಸ್ಕೋಬೇಕವ್ವ. ಮಿಲ್ಲಿನ ಪರಿಹಾರ ನೀನ ಬೇಡಿ ತಗೊಂಡಿದ್ರ ಲಾರಿ ಕೇಸು ಬಿದ್ದುಹೋಗ್ತದ’ ಎಂದರು. ಆ ನಾಲ್ಕು ಲಕ್ಷ ಬರೀ ಕೂಲಿಯ ಲೆಕ್ಕದ್ದು. ನೋವಿಗೆ, ಮುಂದಿನ ಬದುಕಿಗೆ, ಕೃತಕ ಕೈಗೆ ಸಿಗಬೇಕಾದದ್ದು ಲಾರಿ ಕೇಸಿನಲ್ಲಿ.

ನಾನು ಆಸ್ಪತ್ರೆಯಲ್ಲಿದ್ದಾಗ ಪಾಸ್‌ಬುಕ್ಕು, ಎಟಿಎಂ ಕಾರ್ಡು ನಿಮ್ಮ ಕಿಸೆಯಲ್ಲಿದ್ದವು. ಕೋರ್ಟಿನಿಂದ ಮನೆಗೆ ಬಂದು ಆ ಅರ್ಜಿಯ ಬಗ್ಗೆ ಕೇಳಿದೆ. ‘ನಾನ ಹೆಬ್ಬಟ್ಟ ಒತ್ತೀನಿ, ಏನೀಗ ಬೇ?’ ಅಂದಿರಿ. ಮತ್ತೆ ಬಾಯಿ ತೆಗೆದೆನೆಂದು ಮೊಂಡುಗೈ ಮೇಲೆಯೇ ಎರಡು ಸಲ ಒದ್ದಿರಿ. ರಕ್ತ ಚಿಮ್ಮಿ ಹಿಟ್ಟಿನ ಪರಾತಕ್ಕೆ ಬಿತ್ತು. ನಾನು ಕಾದ ಹಂಚು ಎತ್ತಿ ನಿಮ್ಮ ಗಲ್ಲಕ್ಕೆ ಬಾರಿಸಿದೆ. ಚರ್ಮ ಸುಟ್ಟ ವಾಸನೆ ಬಂತು. ತಪ್ಪಾಯಿತೆಂದು ಬರೆಯಲು ಕುಳಿತಿದ್ದೆ, ಪೆನ್ನು ಓಡಲಿಲ್ಲ.

ಕೈ ಹೋದ ಹದಿನೆಂಟನೇ ದಿನ ಆ ಅರ್ಜಿಗೆ ‘ಅಮರೇಶ್ವರಿ, ಎಡಗೈ ಹೆಬ್ಬೆಟ್ಟು’ ಬಿದ್ದಿದೆ. ಎಲ್ಲಿಯ ಎಡಗೈ, ಮಹರಾಯರೇ? ಏಳನೇತ್ತೆ ಓದಿದ ನಾನು ಪಗಾರದ ಪುಸ್ತಕಕ್ಕೂ ಸಹಿ ಮಾಡಿದವಳು. ನೀವು ಕಾಗದ ಕಂಡಲ್ಲೆಲ್ಲ ಎಡ ಹೆಬ್ಬೆಟ್ಟು ಮುಂದೆ ಮಾಡುವವರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಆದರೂ ಮೇಡಂಗೆ ಚಿಂತೆ. ಒತ್ತಿದವರು ಯಾರೆಂದು ತೋರಿಸದಿದ್ದರೆ, ನಾನೇ ಹೇಳಿ ಒತ್ತಿಸಿದೆನೆಂದು ವಿಮೆಯವರು ವಾದಿಸುತ್ತಾರಂತೆ. ಇಪ್ಪತ್ತಾರಕ್ಕೆ ಲಿಂಗಸುಗೂರಿಗೆ ಬಂದು ನಿಜ ಹೇಳಿ. ಹನ್ನೊಂದು ವರ್ಷ ನಿಮಗೆ ರೊಟ್ಟಿ ಬಡಿದ ಕೈ ಅದು. ನೀವಾಗಿಯೇ ಬಂದರೆ ನನ್ನ ಸಿಟ್ಟು ಅರ್ಧ ಇಳಿಯುತ್ತದೆ.

ಉಳಿದ ಕೈಯಿಂದ ಬರೆದವಳು,
ಅಮರೇಶ್ವರಿ

ತಾ.ಕ.: ಬರದಿದ್ದರೂ ಚಿಂತೆಯಿಲ್ಲ. ಈ ಪತ್ರ ರಿಜಿಸ್ಟರ್ ಟಪಾಲಿನಲ್ಲಿ ಬಂದಿದೆ. ಲಕೋಟೆ ಕೊಡುವ ಮುಂಚೆ ಪೋಸ್ಟ್‌ಮ್ಯಾನ್ ಪತ್ರ ಮುಟ್ಟಿದ್ದಕ್ಕೆ ಗುರುತು ಹಾಕಿಸಲು ಒಂದು ಕಾರ್ಡು ಚಾಚಿದನಲ್ಲ, ಅದಕ್ಕೆ ನೀವು ಅವನ ಕಣ್ಣೆದುರೇ ಎಡ ಹೆಬ್ಬೆಟ್ಟು ಒತ್ತಿದ್ದೀರಿ. ಆ ಕಾರ್ಡು ತಿರುಗಿ ಹೋಗುವುದು ಅಂಬಿಕಾ ಮೇಡಂ ವಿಳಾಸಕ್ಕೆ.