ಲೆಷೆಕ್ ಕೂಗಿದ್ದು

ಪೋಜ್ನಾನ್, ಕೆರೆದಂಡೆ ಬಡಾವಣೆ
ಭಾನುವಾರ

ಅಕ್ಕಾ,

ಕಾರ್ಡು ಚಿಕ್ಕದು, ಅಕ್ಷರ ಇರುವೆ ಸಾಲಿನಂತಿದ್ದರೆ ಬೈಯಬೇಡ, ಸುದ್ದಿ ಹೇಳದೆ ಇರಲಾರೆ. ಲೆಷೆಕ್ ಮಾತಾಡಿದರು! ಪಾರ್ಶ್ವವಾಯು ಬಡಿದ ಮೇಲೆ ಐದು ತಿಂಗಳು ನನ್ನ ಗಂಡನ ಬಾಯಿಂದ ಒಂದು ಪದ ಬಂದಿರಲಿಲ್ಲ. ಲಿಫ್ಟಿಲ್ಲದ ನಾಲ್ಕನೇ ಮಹಡಿ ಬಿಟ್ಟು ಊರಾಚೆಯ ಈ ಮನೆಗೆ ಬಂದದ್ದೇ ತಪ್ಪಾಯಿತೇನೋ ಎಂದು ಕೊರಗುತ್ತಿದ್ದೆ.

ನಿನ್ನೆ ಪಕ್ಕದ ಮನೆಯ ಬ್ರೋನ್ಯಾ ದಡಕ್ಕೆ ಕಟ್ಟಿದ್ದ ತನ್ನ ದೋಣಿಯಲ್ಲಿ ಬಿಸಿಲು ಕಾಯುತ್ತಾ ನಿದ್ದೆಹೋಗಿದ್ದಳು. ಅವಳಿಗೆ ಈಜು ಬಾರದು. ಹಗ್ಗ ಬಿಚ್ಚಿಕೊಂಡು ದೋಣಿ ಮೆಲ್ಲಗೆ ಕೆರೆಯ ನಡುವಿಗೆ ಹೊರಟಿತು. ನಾನು ಬಟ್ಟೆ ಒಣಹಾಕುತ್ತಿದ್ದೆ, ನೋಡಲಿಲ್ಲ. ಬೆಂಚಿನ ಮೇಲಿದ್ದ ಲೆಷೆಕ್ ನೋಡಿದರು.

"ಬ್ರೋನ್ಯಾ! ಏಳೇ! ದೋಣಿ ಹೋಯ್ತು!"

ನಾಲಿಗೆ ತೊದಲಿತು, ಆದರೆ ಆಚೆ ದಡಕ್ಕೂ ಕೇಳಿಸಿರಬೇಕು. ಹುಟ್ಟು ದಡದಲ್ಲೇ ಉಳಿದಿತ್ತು. ಬ್ರೋನ್ಯಾ ಕೈಯಿಂದಲೇ ನೀರು ತಳ್ಳುತ್ತಾ ವಾಪಸು ಬಂದಳು.

"ಯಾರಿಗೂ ಹೇಳಲ್ಲ ಅಂತ ನಂಬಿ ಬೀದಿ ಗುಟ್ಟೆಲ್ಲ ನಿನ್ ಹತ್ರ ಹೇಳ್ಬಿಟ್ಟಿದ್ದೀನಲ್ಲೋ ಮುದುಕಾ! ಈಗೇನ್ ಮಾಡ್ಲಿ?" ಎಂದು ನಗುತ್ತಲೇ ಕಣ್ಣೊರೆಸಿಕೊಂಡಳು.

ಫೋನ್ ಮಾಡಿದ್ದಕ್ಕೆ, ಇವರನ್ನು ದಿನಾ ಅರ್ಧ ಗಂಟೆ ಮಾತಾಡಿಸಿ ಎಂದಿದ್ದಾರೆ ಡಾಕ್ಟರು. ನನ್ನ ಬಿ.ಪಿ.ಯೂ ಇಳಿದಿದೆ, ಚಿಂತೆ ಬೇಡ.

ಈಗಷ್ಟೇ ಬೀಟ್‌ರೂಟ್ ಸೂಪು ಬಡಿಸಿದೆ. ಒಂದು ಚಮಚ ಕುಡಿದು, "ಉಪ್ಪು ಜಾಸ್ತಿ" ಅಂದರು. ನಲವತ್ತು ವರ್ಷ ಆ ಮಾತಿಗೆ ಜಗಳವಾಡಿದವಳು ನಾನು. ಇವತ್ತು ಎದುರಿಗೆ ಕೂತು, "ಇನ್ನೊಂದ್ಸಲ ಹೇಳಿ" ಅಂದೆ.

ಜಾಗ ಮುಗಿಯಿತು.
ವಾಂದಾ